ಹೋಗುವಾಗ ಮಾತ್ರ ಕೆಡುವ ಸೆಟ್ಟು

ಕಾರಿನ ಎಂಜಿನ್ ಕೆಟ್ಟು ನಿಂತರೆ ಮನುಷ್ಯ ಇಳಿದು ಬಾನೆಟ್ ಎತ್ತುತ್ತಾನೆ, ಏನೂ ಅರ್ಥವಾಗದಿದ್ದರೂ ಒಂದು ಸಲ ಇಣುಕಿ ನೋಡುತ್ತಾನೆ, ಆಮೇಲೆ ಸಮಾಧಾನವಾಗಿ ಬರುವ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾನೆ. ಅದೇ ಕಾರಿನಲ್ಲಿ ಹಾಡು ನಿಂತರೆ ಮಾತ್ರ ಊಟ ಬಿಟ್ಟು ನನ್ನ ಅಂಗಡಿಗೆ ಓಡಿ ಬರುತ್ತಾನೆ. ಅರಸೀಕೆರೆಯಲ್ಲಿ ಕಾರಿನ ಸೆಟ್ಟು, ಸ್ಪೀಕರು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾ ಇಪ್ಪತ್ತೆರಡು ವರ್ಷವಾಯಿತು. ಇಂಥ ಪ್ರಸಂಗಗಳಿಗೆ ಇವತ್ತಿನವರೆಗೆ ಒಂದು ವಾರದ ರಜೆಯೂ ಸಿಕ್ಕಿಲ್ಲ.

ಆಂಪ್ಲಿಫೈಯರ್ ಅಂದರೆ ಸೆಟ್ಟಿನಿಂದ ಬರುವ ಸಣ್ಣ ದನಿಯನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಡಬ್ಬಿ. ಪಾಪದ ಡಬ್ಬಿ. ಹೆಚ್ಚು ಬಿಸಿಯಾದರೆ, ವೈರು ಎಲ್ಲಾದರೂ ಕಬ್ಬಿಣಕ್ಕೆ ತಗುಲಿದರೆ, ತನ್ನ ಪ್ರಾಣ ಉಳಿಸಿಕೊಳ್ಳಲು ಒಂದು ಕೆಂಪು ದೀಪ ಹಚ್ಚಿಕೊಂಡು ಬಾಯಿ ಮುಚ್ಚಿಬಿಡುತ್ತದೆ. ಯಾಕೆ ಮುಚ್ಚಿತು ಎಂದು ಪತ್ತೆ ಮಾಡುವುದೇ ನನ್ನ ಕಸುಬು. ಈ ಕಸುಬಿನಲ್ಲಿ ನನಗೆ ಒಂದೇ ಒಂದು ಜಂಬ. ಅಂಗಡಿಗೆ ಬಂದ ಯಾರಿಗೂ ನಾನು "ಇದು ನನ್ನ ಕೈಲಾಗಲ್ಲ" ಅಂದವನಲ್ಲ. ಆ ಜಂಬಕ್ಕೆ ಮಣ್ಣು ಹಾಕಲು ಜಾವಗಲ್ಲಿನಿಂದ ಒಂದು ಬಿಳಿ ಕಾರು ಬಂತು.

ಜಾವಗಲ್ಲಿನ ಯಜಮಾನರು

ಕಾರಿನವರು ಕೊಬ್ಬರಿ ವ್ಯಾಪಾರಿಗಳು. ಮನೆ ಜಾವಗಲ್, ಮಂಡಿ ಅರಸೀಕೆರೆ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ, ಅದರಿಂದಲೋ ಏನೋ ಮಾತು ಬಹಳ ಕಡಿಮೆ. ಬೆಳಿಗ್ಗೆ ಬೇಗ ಒಬ್ಬರೇ ಕಾರಿನಲ್ಲಿ ಮಂಡಿಗೆ ಬರುತ್ತಾರೆ. ಹೆಂಡತಿ ನಮ್ಮೂರ ಹೈಸ್ಕೂಲಿನಲ್ಲಿ ಟೀಚರು. ಅವರು ಆಮೇಲೆ ಬಸ್ಸಿಗೆ ಬರುತ್ತಾರೆ, ಸಂಜೆ ಗಂಡನ ಜೊತೆ ಕಾರಿನಲ್ಲಿ ವಾಪಸು ಹೋಗುತ್ತಾರೆ.

"ಬರೋವಾಗ ಚೆನ್ನಾಗಿ ಹಾಡ್ತೈತೆ ಕಣಪ್ಪಾ. ಸಂಜೆ ಊರಿಗೆ ಹೋಗೋವಾಗ ಮೂಗನಾಗಿಬಿಡ್ತೈತೆ" ಅಂದರು.

"ಯಾವ ಜಾಗದಲ್ಲಿ ನಿಲ್ಲುತ್ತೆ?"

"ಒಂದಿನ ಊರು ದಾಟ್ತಿದ್ದಂಗೆ, ಒಂದಿನ ಅರ್ಧ ದಾರೀಲಿ. ಡ್ಯಾಶ್‌ಬೋರ್ಡ್ ಗುದ್ದಿದ್ರೂ ಜಪ್ಪಯ್ಯ ಅನ್ನಲ್ಲ. ಬೆಳಿಗ್ಗೆ ಎದ್ದು ಸ್ಟಾರ್ಟ್ ಮಾಡಿದ್ರೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಹಾಡ್ತೈತೆ."

ಆಂಪ್ಲಿಫೈಯರ್ ಇದ್ದದ್ದು ಮುಂದಿನ ಎಡಗಡೆ ಸೀಟಿನ ಕೆಳಗೆ. ನಾನು ಫ್ಯೂಸ್ ನೋಡಿದೆ, ಬ್ಯಾಟರಿ ನೋಡಿದೆ, ಅರ್ಥ್ ವೈರು ಬಿಗಿ ಮಾಡಿದೆ. ಒಂದು ಸಂಜೆ, ಸ್ಕೂಲು ಬಿಡುವ ಮೊದಲೇ, ಅವರ ಪಕ್ಕದ ಸೀಟಿನಲ್ಲೇ ಕೂತು ಅರ್ಧ ದಾರಿಯವರೆಗೆ ಹೋಗಿ ಬಂದೆ. ಸೀಟು ಬಹಳ ಮುಂದಿತ್ತು, ನನ್ನ ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತುತ್ತಿತ್ತು. ಆದರೂ ದೊಡ್ಡವರ ಕಾರು, ಮನೆಯವರು ಕೂರುವ ಸೀಟು, ಹಿಂದೆ ಸರಿಸಿಕೊಳ್ಳುವುದು ಸರಿಯಲ್ಲ ಎಂದು ಹಾಗೇ ಮುದುರಿ ಕೂತಿದ್ದೆ. ಹಾಡು ಒಂದು ಕ್ಷಣವೂ ನಿಲ್ಲಲಿಲ್ಲ. ನನ್ನ ಈ ಮರ್ಯಾದಸ್ತಿಕೆ ನನ್ನನ್ನು ಮೂರು ತಿಂಗಳು ಅಲೆಸಿತು ಅನ್ನುವುದು ಆಗ ಗೊತ್ತಿರಲಿಲ್ಲ.

ಮಾರನೆ ಸಂಜೆ ಅವರು ಹೆಂಡತಿ ಜೊತೆ ಹೊರಟಾಗ ಊರು ದಾಟುವ ಮೊದಲೇ ನಿಂತಿತಂತೆ.

ಪೂಜೆ ಮಾಡಿದ್ವಿ, ಅಷ್ಟೆ

ಯಜಮಾನರ ಕಾರು ಮೊದಲ ಸಲ ಬಂದದ್ದು ಆಯುಧಪೂಜೆ ಮುಗಿದ ವಾರ. ಹಾಗಾಗಿ ನನ್ನ ಮೊದಲ ಅನುಮಾನ ಭಕ್ತಿಯ ಮೇಲೆ. ಅದಕ್ಕೆ ಕಾರಣ ನಮ್ಮೂರಿನದೇ ಒಬ್ಬ ಪಾತ್ರೆ ಅಂಗಡಿಯವರು.

ಹೋದ ವರ್ಷದ ಹಬ್ಬದ ಮಾರನೆ ದಿನ ಅವರು ಸತ್ತ ಆಂಪ್ಲಿಫೈಯರನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದಿದ್ದರು.

"ಏನು ಮಾಡಿದ್ರಿ ಇದಕ್ಕೆ?"

"ಏನೂ ಮಾಡಿಲ್ಲ ಕಣ್ರೀ. ಪೂಜೆ ಮಾಡಿದ್ವಿ, ಅಷ್ಟೆ."

ಡಬ್ಬಿಯ ಬೆನ್ನಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮ. ಸದ್ದು ಹೆಚ್ಚು ಕಡಿಮೆ ಮಾಡುವ ತಿರುಪಿನ ಸಂದಿಯಲ್ಲಿ ಅಕ್ಷತೆ. ಮುಚ್ಚಳ ಬಿಚ್ಚಿದೆ. ಒಳಗೆ ವಿಭೂತಿ ಕಲಸಿದ ಕಾಯಿ ನೀರು ಒಣಗಿ ಅಂಟಾಗಿ ಕೂತಿತ್ತು. ಕಾರಿಗೆ ಕಾಯಿ ಒಡೆದವರು ನೀರನ್ನು ಚಕ್ರಕ್ಕೆ ಹಾಕಿದರೆ ಸಾಲದು ಎಂದು ಹಾಡುವ ಡಬ್ಬಿಗೂ ಸ್ವಲ್ಪ ಪ್ರೋಕ್ಷಣೆ ಮಾಡಿದ್ದರು. ಸಾಮಾನ್ಯವಾಗಿ ಎಂಜಿನ್ನಿನ ಮೇಲೆ ಇಷ್ಟು ಪ್ರೀತಿ ಯಾರೂ ತೋರಿಸುವುದಿಲ್ಲ, ಅದಕ್ಕೇ ಎಂಜಿನ್ನುಗಳು ಬಾಳಿಕೆ ಬರುತ್ತವೆ.

ಸ್ಪಿರಿಟ್ಟಿನಲ್ಲಿ ತೊಳೆದು, ಬಲ್ಬಿನ ಕಾವಿಗೆ ಎರಡು ದಿನ ಇಟ್ಟು ಬದುಕಿಸಿ ಕೊಟ್ಟೆ. ಈ ವರ್ಷ ಹಬ್ಬದ ಹಿಂದಿನ ದಿನ ಅವರೇ ಆಂಪ್ಲಿಫೈಯರ್ ಬಿಚ್ಚಿಸಿ, ಟವೆಲ್ಲಿನಲ್ಲಿ ಸುತ್ತಿ ತಂದರು. ಅನುಭವ ಮನುಷ್ಯನಿಗೆ ಬುದ್ಧಿ ಕಲಿಸುತ್ತದಲ್ಲ ಎಂದು ನನಗೆ ಸಂತೋಷವಾಯಿತು.

"ಹಬ್ಬ ಮುಗಿಯೋವರೆಗೂ ಜೋಪಾನವಾಗಿ ಇಟ್ಟಿರಬೇಕಾ?" ಅಂದೆ.

"ಹಾಗಲ್ಲ. ಪೂಜೆ ಇಲ್ಲೇ ಮಾಡಿಬಿಡೋಣ ಅಂತ" ಎಂದು ಚೀಲದಿಂದ ತೆಂಗಿನಕಾಯಿ ತೆಗೆದರು. "ಏನಾದ್ರೂ ಆದ್ರೆ ನೀವು ಇಲ್ಲೇ ಇರ್ತೀರಲ್ಲ."

ಈ ನೆನಪಿನಿಂದ ನಾನು ಜಾವಗಲ್ಲಿನ ಆಂಪ್ಲಿಫೈಯರನ್ನೂ ಬಿಚ್ಚಿದೆ. ಒಳಗೆ ಒಂದು ಚಿಟಿಕೆ ವಿಭೂತಿಯೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಸುಮ್ಮನೆ ಬ್ರಷ್ ಆಡಿಸಿ, ತಿರುಗಿ ಕೂರಿಸಿ ಕಳಿಸಿದೆ. ನಾಲ್ಕನೇ ದಿನ ಯಜಮಾನರು ಅಂಗಡಿ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ತಲೆಯನ್ನು ಮಾತ್ರ ಎರಡು ಸಲ ಆಡಿಸಿ ಹೋದರು.

ಬೇಲೂರಿನ ಬೆಚ್ಚನೆ ಬೂಟು

ಬೇಲೂರಿನಲ್ಲಿ ಟ್ಯಾಕ್ಸಿ ಓಡಿಸುವ ಒಬ್ಬ ಡ್ರೈವರು ನನ್ನ ಹಳೇ ಗಿರಾಕಿ. ಪ್ರವಾಸಿಗಳನ್ನು ಬೇಲೂರು, ಹಳೇಬೀಡು ತೋರಿಸಿಕೊಂಡು ಬರುತ್ತಾನೆ. ಡಿಸೆಂಬರಿನ ಒಂದು ಬೆಳಿಗ್ಗೆ ವೀಡಿಯೊ ಕಾಲ್ ಮಾಡಿದ.

"ಅಣ್ಣಾ, ನಿಂತೋಯ್ತು. ಬೆಳಿಗ್ಗೆ ಒಂದು ಗಂಟೆ ಹಾಡುತ್ತೆ, ಆಮೇಲೆ ಗಪ್‌ಚುಪ್."

"ಆ ಒಂದು ಗಂಟೆ ನೀನೇನು ಮಾಡ್ತಿರ್ತೀಯ?"

"ಜನ ದೇವಸ್ಥಾನ ನೋಡ್ತಿರ್ತಾರೆ. ನಾನು ಕಾರಲ್ಲಿ ಹಾಡು ಕೇಳ್ಕೊಂಡು ಕೂತಿರ್ತೀನಿ."

"ಆಂಪ್ಲಿಫೈಯರ್ ಮುಟ್ಟಿ ನೋಡು, ಬಿಸಿ ಇದೆಯಾ?"

ಅವನು ಫೋನು ಸೀಟಿನ ಕೆಳಗೆ ಹಿಡಿದ. ನನಗೆ ಆಂಪ್ಲಿಫೈಯರ್ ಕಾಣಲಿಲ್ಲ. ಬೂಟು ಕಂಡಿತು. ಬೂಟಿನ ಮೇಲೆ ಬೂಟು, ನಡುವೆ ಕಾಲುಚೀಲ, ಮೇಲೆ ಒಂದು ಜೊತೆ ಹೆಂಗಸರ ಚಪ್ಪಲಿ.

"ಇದೇನೋ ಇದು?"

"ದೇವಸ್ಥಾನದ ಹತ್ರ ಬಿಟ್ರೆ ಕಳೆದೋಗುತ್ತೆ ಅಂತ ಕಾರಲ್ಲೇ ಬಿಟ್ಟೋಗ್ತಾರೆ ಅಣ್ಣಾ. ಕಾಲಿಗೆ ಅಡ್ಡ ಬರುತ್ತೆ ಅಂತ ನಾನು ಅಲ್ಲಿ ತುರುಕ್ತೀನಿ."

ಆಂಪ್ಲಿಫೈಯರಿಗೆ ಗಾಳಿ ಬೇಕು. ಇವನು ಅದಕ್ಕೆ ಎಂಟು ಕಾಲಿನ ಬೂಟು ಹೊದಿಸಿ ಹಾಡು ಹಾಕಿ ಕೂರುತ್ತಿದ್ದ. ಅದು ಕಾದು, ಉಸಿರುಗಟ್ಟಿ, ಕೆಂಪು ದೀಪ ಹಚ್ಚಿಕೊಳ್ಳುತ್ತಿತ್ತು. ವಿಷಯ ವಿವರಿಸಿ, ಬೂಟನ್ನು ಡಿಕ್ಕಿಯಲ್ಲಿಡು ಅಂದೆ. ಅವನು ಯೋಚನೆಗೆ ಬಿದ್ದ.

"ಅದಕ್ಕೇನಾ ಅಣ್ಣಾ?" ಅಂದ.

"ಏನು ಅದಕ್ಕೇನಾ?"

"ಮಂಜು ಬೀಳೋ ಹೊತ್ತಲ್ಲಿ ಕಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡಿ ನಡುಗ್ತಾ ಬರ್ತಾರೆ. ಬೂಟು ಹಾಕ್ಕೊಂಡ ತಕ್ಷಣ ಮುಖ ಅರಳುತ್ತೆ. ನಿನ್ನೆ ಒಬ್ಬರು ಕೈ ಕುಲುಕಿದ್ರು. ನಾನು ಡ್ರೈವಿಂಗ್ ಇಷ್ಟ ಆಯ್ತು ಅಂದ್ಕೊಂಡಿದ್ದೆ."

ವಾರ ಬಿಟ್ಟು ಫೋನು ಮಾಡಿ ಹಾಡು ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದೆ. "ಹಾಡು ಯಾರಿಗೆ ಬೇಕಣ್ಣಾ?" ಅಂದ. "ಬೂಟು ಬಿಸಿ ಮಾಡಿಕೊಡೋ ಟ್ಯಾಕ್ಸಿ ಯಾವುದು ಅಂತ ಸ್ಟ್ಯಾಂಡಲ್ಲಿ ಕೇಳ್ಕೊಂಡು ಬರ್ತಿದಾರೆ. ಇನ್ನೊಂದು ಆಂಪ್ಲಿಫೈಯರ್ ಹಾಕಿಸೋಣ ಅಂತಿದೀನಿ, ಡಿಕ್ಕಿಲಿ."

ಜಾವಗಲ್ಲಿನ ಸಮಸ್ಯೆಯೂ ಕಾವಿನದೇ ಇರಬೇಕು ಎಂದು ನಾನು ಆ ಸೀಟಿನ ಕೆಳಗಿನ ಕಾರ್ಪೆಟ್ಟು ಕತ್ತರಿಸಿ ಗಾಳಿಗೆ ದಾರಿ ಮಾಡಿದೆ. ಸಂಜೆ ಗಾಳಿ ಚೆನ್ನಾಗಿ ಆಡಿತಂತೆ, ಹಾಡು ನಿಂತಿತಂತೆ.

ಹಳೇಬೀಡಿನ ಬೀಗದ ಕೈ

ಹಳೇಬೀಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಒಬ್ಬರಿಗೆ ಹೊಸದಾಗಿ ದೊಡ್ಡ ಸ್ಪೀಕರ್ ಹಾಕಿ ಕೊಟ್ಟಿದ್ದೆ. ಎರಡೇ ದಿನಕ್ಕೆ ವಾಪಸು ಬಂದರು. ಸದ್ದು ಏರಿಸಿದರೆ ಆಂಪ್ಲಿಫೈಯರ್ ಗಡಗಡ ಅನ್ನುತ್ತದೆ, ಬದಲಾಯಿಸಿ ಕೊಡಿ ಅಂತ.

ಕಿವಿಗೊಟ್ಟು ಕೇಳಿದೆ. ಸದ್ದು ಆಂಪ್ಲಿಫೈಯರಿನದಲ್ಲ, ಹಿಂದಿನ ಬಾಗಿಲಿನದು. ಬಾಗಿಲ ಒಳಮೈ ಬಿಚ್ಚಿದೆ. ಗಾಜು ಇಳಿಯುವ ಸಂದಿಯಿಂದ ಯಾವತ್ತೋ ಜಾರಿ ಬಿದ್ದಿದ್ದ ಒಂದು ಬೀಗದ ಕೈ ಗೊಂಚಲು ತಗಡಿಗೆ ಆತು ಕೂತಿತ್ತು. ಕೈಗೆ ಕೊಟ್ಟೆ. ಅವರ ಮುಖ ಹುಳ್ಳಗಾಯಿತು.

"ಇದು ನಮ್ಮ ಬೀರುವಿಂದು" ಅಂದರು. ಗೊಂಚಲು ತಿರುಗಿಸಿ ನೋಡುತ್ತಾ, "ಇದನ್ನ ನನ್ನ ತಮ್ಮನ ಹೆಂಡ್ತಿ ಎತ್ತಿಟ್ಟಿದಾಳೆ ಅಂತ ಜಗಳ ಆಗಿ ನಾವು ಒಲೆ ಬೇರೆ ಮಾಡ್ಕೊಂಡು ಒಂದು ವರ್ಷ ಆಯ್ತು" ಅಂದರು.

ನಾನು ಸ್ಕ್ರೂಡ್ರೈವರ್ ಒರೆಸುತ್ತಾ ನಿಂತೆ. ಅವರು ಗೊಂಚಲನ್ನು ಜೇಬಿಗೆ ಹಾಕಿಕೊಂಡು ಹೋದರು. ಮನುಷ್ಯ ಒಳ್ಳೆಯವರು, ನೇರ ತಮ್ಮನ ಮನೆಗೇ ಹೋಗಿ ತಪ್ಪೊಪ್ಪಿಕೊಂಡರಂತೆ. ಒಂದು ತಿಂಗಳ ಮೇಲೆ ಅಣ್ಣ ತಮ್ಮ ಇಬ್ಬರೂ ಜೊತೆಯಾಗಿ ನನ್ನ ಅಂಗಡಿಗೆ ಬಂದರು. ನನಗೆ ಕಣ್ಣು ತುಂಬಿ ಬಂತು. ಒಂದು ಸ್ಪೀಕರಿನಿಂದ ಎರಡು ಮನೆ ಒಂದಾಯಿತಲ್ಲ ಅಂತ.

ತಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದ, "ನನ್ನ ಕಾರಿಗೂ ಅಂಥದ್ದೇ ಸ್ಪೀಕರ್ ಹಾಕಿ ಸಾರ್. ಹಂಗೇ ನಾಲ್ಕೂ ಬಾಗಿಲು ಬಿಚ್ಚಿ ನೋಡಿ. ನಾವೂ ಅತ್ತಿಗೆ ಎರಡು ಮೂರು ಸಾಮಾನು ಎತ್ತಿಟ್ಟಿದಾರೆ ಅಂತ ಹೇಳಿದ್ವಿ."

ಅದಾದ ಮೇಲೆ ನಾನು ಜಾವಗಲ್ಲಿನ ಕಾರಿನ ನಾಲ್ಕು ಬಾಗಿಲನ್ನೂ ಬಿಚ್ಚಿದೆ. ಒಂದು ಬಾಚಣಿಗೆ ಸಿಕ್ಕಿತು.

ಹಿಂದಿನ ಸೀಟಿನಿಂದ ಕಂಡದ್ದು

ಅಷ್ಟು ಹೊತ್ತಿಗೆ ಮಂಡಿ ಎದುರಿನ ಟೀ ಅಂಗಡಿಯಲ್ಲಿ ನನ್ನ ಹೆಸರು ಆಡಿಕೊಳ್ಳುವ ವಸ್ತುವಾಗಿತ್ತು. ಯಜಮಾನರು ಒಂದು ಶುಕ್ರವಾರ ಬಂದು, ಬೈಯದೆ, ಬಹಳ ಮರ್ಯಾದೆಯಿಂದ ಹೇಳಿದರು.

"ನೀನು ಕಷ್ಟಪಟ್ಟಿದೀಯ ಕಣಪ್ಪಾ. ಸೋಮವಾರ ಹಾಸನಕ್ಕೆ ತಗೊಂಡೋಗ್ತೀನಿ."

ಬೈದಿದ್ದರೆ ಸಹಿಸಬಹುದಿತ್ತು. ಮಂಡಿಯ ದೊಡ್ಡ ವ್ಯಾಪಾರಿ ಹಾಸನಕ್ಕೆ ಹೋದರೆ ಮಿಕ್ಕವರೂ ಹಿಂದೆಯೇ ಹೋಗುತ್ತಾರೆ. ಇಪ್ಪತ್ತೆರಡು ವರ್ಷದ ಹೆಸರು ಸೋಮವಾರ ಮುಗಿಯುತ್ತದೆ ಎಂದು ನನಗೆ ಆ ರಾತ್ರಿ ಅನ್ನ ಸೇರಲಿಲ್ಲ. ಶನಿವಾರ ಸಂಜೆ ಮಂಡಿಗೇ ಹೋಗಿ ಕೈ ಮುಗಿದೆ. "ಇವತ್ತು ನೀವು ದಿನಾ ಹೇಗೆ ಹೋಗ್ತೀರೋ ಹಾಗೇ ಹೋಗಿ. ನಾನು ಹಿಂದೆ ಕೂತ್ಕೋತೀನಿ. ಜಾವಗಲ್ಲಿಂದ ಬಸ್ಸಲ್ಲಿ ವಾಪಸ್ ಬರ್ತೀನಿ."

ಶನಿವಾರದ ವಿಶೇಷ ತರಗತಿ ಮುಗಿಸಿ ಹೈಸ್ಕೂಲಿನ ಗೇಟಿನಲ್ಲಿ ಟೀಚರಮ್ಮ ಹತ್ತಿದರು. ನನ್ನನ್ನು ನೋಡಿ ಒಂದು ಗಳಿಗೆ ತಡೆದು, ಮುಂದಿನ ಸೀಟಿನಲ್ಲಿ ಕೂತರು. ಹಾಡು ಚೆನ್ನಾಗಿ ಬರುತ್ತಿತ್ತು. ಊರು ದಾಟಿತು, ತೆಂಗಿನ ತೋಟಗಳು ಶುರುವಾದವು, ಹಾಡು ನಿಲ್ಲಲಿಲ್ಲ. ನಾನು ಮನಸ್ಸಿನಲ್ಲೇ ನಿಲ್ಲಪ್ಪಾ, ಒಂದು ಸಲ ನಿಲ್ಲಪ್ಪಾ ಎಂದು ಬೇಡಿಕೊಳ್ಳುತ್ತಿದ್ದೆ.

ಆಗ ಟೀಚರಮ್ಮ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಂತೆ ಮುಂದೆ ಬಗ್ಗಿದರು. ಕೈ ಸೀಟಿನ ಕೆಳಗಿನ ಹಿಡಿಗೆ ಹೋಯಿತು. ಸೀಟು ಎರಡು ಹಲ್ಲು ಹಿಂದೆ ಸರಿದು ನನ್ನ ಮೊಣಕಾಲಿಗೆ ಬಡಿಯಿತು. ಅದೇ ಕ್ಷಣ ಹಾಡು ನಿಂತಿತು. ಬಗ್ಗಿ ನೋಡಿದೆ. ಸೀಟಿನ ಕೆಳಗೆ ಕೆಂಪು ದೀಪ. ಸ್ಪೀಕರಿನ ವೈರು ಸೀಟು ಜಾರುವ ಕಬ್ಬಿಣದ ಕಂಬಿಗೆ ಸಿಕ್ಕಿ ಸಿಪ್ಪೆ ಸುಲಿದಿತ್ತು, ಸೀಟು ಹಿಂದೆ ಸರಿದಾಗ ಮಾತ್ರ ಕಬ್ಬಿಣಕ್ಕೆ ತಗುಲುತ್ತಿತ್ತು.

ಸಿಕ್ಕಿತು ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಯಜಮಾನರು ಶುರು ಮಾಡಿದರು.

"ಕಂಡ್ಯಾ? ನಿಂತೋಯ್ತು. ಇವನು ಮೂರು ತಿಂಗಳಿಂದ ಏನು ಮಾಡ್ತಾವ್ನೋ ಆ ಶಿವನಿಗೇ ಗೊತ್ತು." ನಾನು ಹಿಂದೆ ಇರುವುದು ಅವರಿಗೆ ಮರೆತೇ ಹೋಗಿತ್ತು. ನನ್ನನ್ನು ಒಂದು ಮೈಲಿ ಬೈದರು. ಬೈಯುತ್ತಾ ಮಂಡಿಗೆ ನುಗ್ಗಿದ ಕೋತಿಯ ಕಥೆಗೆ ಬಂದರು. ಆಮೇಲೆ ಹೆಂಡತಿಯ ಕ್ಲಾಸಿನ ಯಾವುದೋ ತುಂಟ ಹುಡುಗಿಯ ಸಮಾಚಾರ ಕೇಳಿದರು. ಟೀಚರಮ್ಮ ಆ ಹುಡುಗಿಯ ಹಾಗೇ ಮಾತಾಡಿ ತೋರಿಸಿದರು. ಅವರು ಸ್ಟಿಯರಿಂಗ್ ತಟ್ಟಿ ನಕ್ಕರು. ದಿನಕ್ಕೆ ಹತ್ತು ಮಾತಾಡುವ ಮನುಷ್ಯ ಎಂದು ನಾನು ತಿಳಿದಿದ್ದವರು ಜಾವಗಲ್ ಬರುವವರೆಗೂ ಬಾಯಿ ಮುಚ್ಚಲಿಲ್ಲ. ನಾನು ತೆರೆದಿದ್ದ ಬಾಯನ್ನು ಮುಚ್ಚಿಕೊಂಡೆ.

ಮನೆ ಮುಂದೆ ಯಜಮಾನರು ನನಗೆ ಎಳನೀರು ತರಲು ಹಿತ್ತಿಲಿಗೆ ಹೋದರು. ಟೀಚರಮ್ಮ ಸೀಟನ್ನು ಮೊದಲಿನಂತೆ ಮುಂದೆ ತಳ್ಳಿ ಇಳಿದರು.

"ಕಂಡಿತಾ?" ಅಂದರು.

"ಕಂಡಿತು ಮೇಡಂ."

"ನನಗೆ ಮೊದಲ ವಾರದಲ್ಲೇ ಗೊತ್ತಾಯ್ತು. ಹತ್ತನೇ ಕ್ಲಾಸಿಗೆ ವಿಜ್ಞಾನ ತಗೊಳ್ಳೋಳು ನಾನು."

"ಹಾಡು ನಿಲ್ಲಿಸಿ ಅಂತ ಅವರಿಗೇ ಹೇಳಬಹುದಿತ್ತಲ್ಲಾ?"

"ಹೇಳಿದ್ರೆ ನಿಲ್ಲಿಸ್ತಾರೆ. ನನಗೆ ತಲೆನೋವು ಅಂದ್ಕೊಂಡು ತಾವೂ ಸುಮ್ಮನಾಗಿಬಿಡ್ತಾರೆ. ಅದಾಗೇ ಕೆಟ್ಟರೆ ನಿಮ್ಮನ್ನ ಬೈಯೋಕೆ ಬಾಯಿ ತೆಗೀತಾರೆ. ಒಂದು ಸಲ ಬಾಯಿ ತೆಗೆದ್ರೆ ಮಾತು ತಾನೇ ಬರುತ್ತೆ."

"ದಿನಾ ಬೈತಾರಾ?"

"ದಿನಾ ಇಲ್ಲ. ವಾರಕ್ಕೆ ಮೂರು ದಿನ ಬೈಸ್ತೀನಿ."

ಸರಿ ಮಾಡಬೇಡಿ ಎಂದು ಅವರು ಕೇಳಲಿಲ್ಲ. ಮನೆ ಕಡೆ ನೋಡುತ್ತಾ ನಿಂತರು, ಅಷ್ಟೆ. ನನಗೆ ಒಂದು ಕಡೆ ಆ ನಗು, ಒಂದು ಕಡೆ ಹಾಸನ. ಕೊನೆಗೆ ಒಂದು ಉಪಾಯ ಹೇಳಿದೆ. ವೈರು ಸರಿ ಮಾಡುತ್ತೇನೆ, ಆದರೆ ಅವರ ಸೀಟಿನ ಹಿಡಿಯ ಪಕ್ಕದಲ್ಲಿ ಕಾಣದ ಹಾಗೆ ಒಂದು ಪುಟ್ಟ ಸ್ವಿಚ್ ಇಡುತ್ತೇನೆ, ಒತ್ತಿದರೆ ಹಾಡು ನಿಲ್ಲುತ್ತದೆ. "ಆದರೆ ಹದಿನೈದು ದಿನ ಮುಟ್ಟಬೇಡಿ ಮೇಡಂ. ರಿಪೇರಿ ಆಯ್ತು ಅಂತ ಅವರು ಟೀ ಅಂಗಡೀಲಿ ನಾಲ್ಕು ಜನಕ್ಕೆ ಹೇಳಲಿ. ನನ್ನ ಮರ್ಯಾದೆ ಪ್ರಶ್ನೆ."

ಅವರು ಮಾತು ಕೊಟ್ಟರು. ಭಾನುವಾರ ಕೆಲಸ ಮುಗಿಸಿ ಕೊಟ್ಟೆ. ಸೋಮವಾರ ಕಾರು ಹಾಸನಕ್ಕೆ ಹೋಗಲಿಲ್ಲ. ಟೀ ಅಂಗಡಿಯವನು ನನ್ನನ್ನು ಕರೆದು ಕೂರಿಸಿ ಟೀ ಕೊಟ್ಟ.

ಹತ್ತನೇ ದಿನ ಮಧ್ಯಾಹ್ನ ಯಜಮಾನರು ಒಬ್ಬರೇ ಬಂದರು. ಕಾರನ್ನು ದೂರ ನಿಲ್ಲಿಸಿ ನಡೆದುಕೊಂಡು ಬಂದಿದ್ದರು.

"ಹಾಡ್ತೈತೆ ಕಣಪ್ಪಾ" ಅಂದರು.

"ಸಂತೋಷ ಯಜಮಾನ್ರೇ."

"ಮನೆ ಬಾಗಿಲವರೆಗೂ ಹಾಡ್ತೈತೆ." ಸ್ಟೂಲಿನ ಮೇಲೆ ಕೂತರು. ಎಲೆ ಅಡಿಕೆ ಉಗಿದು ಬಂದು ತಿರುಗಿ ಕೂತರು. "ಒಂದು ಮಾತು ಕೇಳ್ತೀನಿ, ನಗಬಾರ್ದು. ಆ ಹಳೇ ಕಂಪ್ಲೇಂಟು, ಅದನ್ನ ವಾಪಸ್ ಹಾಕ್ಕೊಡೋಕೆ ಆಗ್ತದಾ?"

ನಾನು ನಗಲಿಲ್ಲ. "ನೀವೇ ಹಾಡು ನಿಲ್ಲಿಸಬಹುದಲ್ಲಾ?" ಅಂದೆ.

"ನಾನೇ ನಿಲ್ಲಿಸಿದ್ರೆ, ಏನೋ ಹೇಳೋಕೆ ನಿಲ್ಲಿಸಿದಾರೆ ಅಂತ ಅವಳು ಕಾಯ್ತಾಳೆ. ಟೀಚರು ನೋಡು, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋ ಹಂಗೆ ನೋಡ್ತಾಳೆ. ನನ್ನತ್ರ ಅಂಥಾ ವಿಷಯ ಏನಿರ್ತದೆ? ಅದಾಗೇ ಕೆಟ್ಟರೆ ನಿನ್ನ ಬೈಯೋದ್ರಿಂದ ಶುರು ಮಾಡಬೋದು." ತಲೆ ತಗ್ಗಿಸಿ ಹೇಳಿದರು, "ಹತ್ತು ದಿನದಿಂದ ಅವಳು ನಕ್ಕಿದ್ದು ನಾನು ಕೇಳಿಲ್ಲ."

ಅವರ ಸೀಟಿನ ಬಲಗಡೆ, ಬಾಗಿಲ ಸಂದಿಯಲ್ಲಿ ಇನ್ನೊಂದು ಸ್ವಿಚ್ ಇಟ್ಟೆ. ಆ ಕಡೆಯದರ ವಿಷಯ ಈ ಕಡೆಯವರಿಗೆ ಹೇಳಲಿಲ್ಲ.

"ನಾಳೆಯಿಂದ ಮತ್ತೆ ನಿನ್ನ ಬೈಬೇಕಾಗ್ತದೆ. ಟೀ ಅಂಗಡೀಲೂ ಬೈಬೇಕಾಗ್ತದೆ, ಇಲ್ದಿದ್ರೆ ಅವಳಿಗೆ ಅನುಮಾನ ಬತ್ತದೆ. ಬೇಜಾರು ಮಾಡ್ಕೋಬೇಡ" ಅಂದರು.

"ಬೈಯಿರಿ ಯಜಮಾನ್ರೇ" ಅಂದೆ. ಬಾಯಿಂದ ಬಂದಷ್ಟು ಸುಲಭವಾಗಿ ಹೊಟ್ಟೆಯಿಂದ ಬರಲಿಲ್ಲ.

ಮಾರನೆ ಸಂಜೆ ಅಂಗಡಿ ಬಾಗಿಲು ಎಳೆಯುವ ಹೊತ್ತಿಗೆ ಟೀಚರಮ್ಮನ ಫೋನು ಬಂತು. ದನಿಯಲ್ಲಿ ಗಾಬರಿ. ಹಿಂದೆ, ಜಗುಲಿಯಲ್ಲಿ ಯಾರಿಗೋ ಯಜಮಾನರು ನನ್ನನ್ನು ಬೈದು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಅಷ್ಟು ಖುಷಿಯಿಂದ ನನ್ನನ್ನು ಯಾರೂ ಬೈದಿದ್ದಿಲ್ಲ.

"ನಾನು ಮಾತಿಗೆ ತಪ್ಪಿಲ್ಲ ಕಣ್ರೀ" ಅಂದರು ಟೀಚರಮ್ಮ. "ಹನ್ನೊಂದು ದಿನ ಆಯ್ತು, ಸ್ವಿಚ್ ಮುಟ್ಟಿಲ್ಲ. ಆದ್ರೂ ಇವತ್ತು ಊರು ದಾಟ್ತಿದ್ದ ಹಾಗೆ ಅದಾಗೇ ನಿಂತೋಯ್ತು. ಈ ಸಲ ನಿಜವಾಗಲೂ ಕೆಟ್ಟಿರಬೇಕು. ನಿಮ್ಮ ಮರ್ಯಾದೆ ಪ್ರಶ್ನೆ ಅಂದಿದ್ರಲ್ಲ, ಅದಕ್ಕೇ ಮನಸ್ಸು ತಡೀಲಿಲ್ಲ. ಬಂದು ನೋಡ್ತೀರಾ?"

ನಾನು ಒಂದು ಗಳಿಗೆ ಅಂಗಡಿಯ ಬೋರ್ಡು ನೋಡಿದೆ.

"ಇಲ್ಲ ಮೇಡಂ" ಅಂದೆ, "ಇದು ನನ್ನ ಕೈಲಾಗಲ್ಲ."